ಬೆಟ್ಟದ ಮೇಲಿನ ಪಾಠಗಳು: ಮೆಕಾಲೆ, ಕಾರಂತ ಮತ್ತು ಊಟಿ

ಚರಿತ್ರೆಯಿಂದ ಪಾಠ ಕಲಿಯಬೇಕೆಂದು ಹೇಳದ ಲೇಖಕರಿಲ್ಲ. ಆದರೆ ಯಾರ ಚರಿತ್ರೆಯಿಂದ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಅಷ್ಟಾಗಿ ಕೇಳಿಕೊಂಡಿಲ್ಲ. ಜಗತ್ತಿನ ರಾಜಕೀಯ, ಆರ್ಥಿಕತೆಗಳ ಕುರಿತ ನಮ್ಮ ಬರಹಗಳಲ್ಲಿ ರೋಮ್ ಬೀಳುತ್ತದೆ, ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗುತ್ತದೆ, ಮಾಸ್ಕೋದಲ್ಲಿ ಬಾವುಟ ಇಳಿಯುತ್ತದೆ. ಇದರಿಂದ ನಮ್ಮ ಮನೆಯ ಒಲೆಗೆ ಏನಾಯಿತು ಎಂಬ ವಿಚಾರ ಮಾತ್ರ ಬರುವುದಿಲ್ಲ. ನಾನು ಹಳೆಯದನ್ನು ಬಿಡಲು ಹಿಂಜರಿಯುವ ಮನಸ್ಸಿನವನು. ಈ ಪಕ್ಷಪಾತವನ್ನು ಮೊದಲೇ ಒಪ್ಪಿಕೊಂಡು, ಊಟಿಯ ಬೆಟ್ಟವನ್ನು ಎದುರಿಗಿಟ್ಟುಕೊಂಡು, ಮೆಕಾಲೆಯ ಒಂದು ಬರಹವನ್ನೂ ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನೂ ಇಲ್ಲಿ ಓದಲು ಪ್ರಯತ್ನಿಸುತ್ತೇನೆ.

1834ರ ಜೂನ್ ತಿಂಗಳಲ್ಲಿ ಮೆಕಾಲೆ ಮದರಾಸಿನಲ್ಲಿ ಹಡಗಿನಿಂದಿಳಿದು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ಪಲ್ಲಕ್ಕಿಯಲ್ಲಿ ಊಟಿಗೆ ಬಂದ. ಗವರ್ನರ್ ಜನರಲ್ ಬೆಂಟಿಂಕ್ ಆಗ ಅಲ್ಲಿದ್ದ. ಮಳೆಗಾಲವನ್ನು ಮೆಕಾಲೆ ಬೆಟ್ಟದ ಮೇಲೆಯೇ ಕಳೆದ. ಮರುವರ್ಷ ಫೆಬ್ರವರಿ 2ರಂದು ಕಲಕತ್ತೆಯಲ್ಲಿ ಶಿಕ್ಷಣದ ಕುರಿತು ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದ. ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದೆಂದು ಅದರಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ. ಆದರೂ ಆ ಭಾಷೆಗಳ ಸಾಹಿತ್ಯವನ್ನೆಲ್ಲ ತಕ್ಕಡಿಗೆ ಹಾಕಿ ತೂಗುತ್ತಾನೆ. ಕನ್ನಡನಾಡನ್ನು ಹಾದು, ಹೊಲದಲ್ಲಿ ಕನ್ನಡದ ಸೋದರ ನುಡಿಯೊಂದನ್ನು ಆಡುವ ಜನರ ನಡುವೆ ತಿಂಗಳುಗಟ್ಟಲೆ ಇದ್ದುಬಂದವನ ಲೆಕ್ಕದಲ್ಲಿ ದೇಶಭಾಷೆಗಳು ಶಿಕ್ಷಣಕ್ಕೆ ಯೋಗ್ಯವೇ ಅಲ್ಲ.

ಮೆಕಾಲೆಯನ್ನು ಬೈಯುವುದು ನಮ್ಮಲ್ಲಿ ಹಳೆಯ ಅಭ್ಯಾಸ. ನನ್ನ ತಕರಾರು ಬೇರೆ. ಅವನ ಗದ್ಯ ಸೊಗಸಾಗಿದೆ, ಅವನಿಗೆ ದುರುದ್ದೇಶವಿತ್ತೆಂದೂ ನಾನು ಹೇಳಲಾರೆ. ಅವನ ದೋಷವಿರುವುದು ದೃಷ್ಟಿಯಲ್ಲಿ. ಚರಿತ್ರೆ ಒಂದೇ ದಿಕ್ಕಿಗೆ ಏರುವ ಮೆಟ್ಟಿಲು, ಮೇಲಿನ ಮೆಟ್ಟಿಲಲ್ಲಿ ನಿಂತವನಿಗೆ ಕೆಳಗಿನವರ ದಾರಿ ಗೊತ್ತು ಎಂಬ ನಂಬಿಕೆಯದು. ಈ ನಂಬಿಕೆ ಕಂಪೆನಿಯೊಂದಿಗೆ ಹೋಗಲಿಲ್ಲ. ಪಂಚವಾರ್ಷಿಕ ಯೋಜನೆಗಳವರಲ್ಲೂ ಇತ್ತು, ಮುಕ್ತ ಮಾರುಕಟ್ಟೆಯವರಲ್ಲೂ ಇದೆ. ಮೆಕಾಲೆಯನ್ನು ಬೈಯುವ ನಮ್ಮ ಲೇಖನಗಳೂ ಎಷ್ಟೋ ಸಲ ಅವನ ಧಾಟಿಯಲ್ಲೇ ಇರುತ್ತವೆ.

ಆ ಮೆಟ್ಟಿಲುಗಳ ಗತಿಯನ್ನು ನೀಲಗಿರಿಯಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ವಿರಳ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬೆಟ್ಟ ಕಂಪೆನಿಯ ಪಾಲಾಯಿತು. 1860ರ ದಶಕದಲ್ಲಿ ಪೆರುವಿನ ಕಡೆಯಿಂದ ಸಿಂಕೋನಾ ಬಂತು. ದೊಡ್ಡಬೆಟ್ಟದಲ್ಲಿ, ನಡುವಟ್ಟದಲ್ಲಿ ಸರಕಾರವೇ ತೋಟ ಮಾಡಿತು, ಖಾಸಗಿ ತೋಟಗಾರರೂ ಹಿಂಬಾಲಿಸಿದರು. ಅಷ್ಟರಲ್ಲಿ ಡಚ್ಚರು ಜಾವಾದಲ್ಲಿ ಹೆಚ್ಚು ಕ್ವಿನೈನ್ ಕೊಡುವ ಮರ ಬೆಳೆಸಿದರು. ಬೆಲೆ ಕುಸಿದು, ಸಿಂಕೋನಾ ಇದ್ದ ಕಡೆ ಚಹಾ ಬಂತು. 1942ರಲ್ಲಿ ಜಪಾನ್ ಜಾವಾವನ್ನು ಹಿಡಿದಾಗ ನೀಲಗಿರಿಯ ತೊಗಟೆಗೆ ಮತ್ತೆ ಬೆಲೆ ಬಂತು. ಕೃತಕ ಔಷಧಿಗಳು ಹರಡಿದ ಮೇಲೆ ಅದೂ ಹೋಯಿತು.

ಚಹಾದ ಕಥೆಯೂ ಹೀಗೆಯೇ. ರಾಗಿ, ಸಾಮೆ, ಕೊರಲೆ ಬೆಳೆಯುತ್ತಿದ್ದ ಬಡಗರ ಹೊಲಗಳಿಗೆ ಮೊದಲು ಆಲೂಗಡ್ಡೆ, ಆಮೇಲೆ ಚಹಾ ಬಂತು. ಸಹಕಾರಿ ಕಾರ್ಖಾನೆಗಳಾದವು, 1963ರಲ್ಲಿ ಕೂನೂರಿನಲ್ಲಿ ಹರಾಜು ಆರಂಭವಾಯಿತು. ರೂಪಾಯಿಯಲ್ಲೇ ವ್ಯಾಪಾರ ಮಾಡುವ ಒಪ್ಪಂದವಿದ್ದ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. 1991ರ ಡಿಸೆಂಬರಿನಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ಪೆಟ್ಟು ಕೂಡಲೇ ಗೊತ್ತಾಗಲಿಲ್ಲ, ಕೆಲವು ವರ್ಷ ಬೆಲೆ ಚೆನ್ನಾಗಿಯೇ ಇತ್ತು. ಆ ದಶಕದ ಕೊನೆಗೆ ಹಸಿರೆಲೆಯ ಬೆಲೆ ಕೊಯ್ಲಿನ ಕೂಲಿಗೂ ಸಾಲದಂತಾಗಿ ಸಣ್ಣ ಬೆಳೆಗಾರರು ಬೀದಿಗಿಳಿದರು. ಆ ಹೊತ್ತಿಗೆ ರಾಗಿಯ ಹೊಲ ಉಳಿದಿರಲಿಲ್ಲ. ಮಾಸ್ಕೋದಲ್ಲಿ ಇಳಿದ ಬಾವುಟ ಹಟ್ಟಿಯ ಒಲೆಗೆ ತಟ್ಟಿದ್ದು ಹೀಗೆ.

ಸರಕಾರಿ ಉದ್ದಿಮೆಯೂ ಇದಕ್ಕೆ ಹೊರತಲ್ಲ. 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನ ಫಿಲ್ಮ್ ತಯಾರಿಸಿತು, ಅದರ ಸುತ್ತ ಇಂದುನಗರ ಬೆಳೆಯಿತು. ಆಮದಿನ ಬಾಗಿಲು ತೆರೆದು, ಮುಂದೆ ಫಿಲ್ಮೇ ಬೇಡದ ಕ್ಯಾಮೆರಾ ಬಂದ ಮೇಲೆ ಕಾರ್ಖಾನೆ ನಿಂತುಹೋಯಿತು. ಸಾಮ್ರಾಜ್ಯ, ಸಮಾಜವಾದ, ಮಾರುಕಟ್ಟೆ ಮೂರೂ ಬೆಟ್ಟಕ್ಕೆ ಹೇಳಿದ್ದು ಒಂದೇ ಮಾತು: ಹಳೆಯದನ್ನು ಕೀಳು, ಇದೊಂದನ್ನೇ ನೆಡು. ಮೂರರ ತೀರ್ಮಾನವೂ ಬೆಟ್ಟದಿಂದ ಬಹುದೂರದಲ್ಲಿ ಆಯಿತು.

ಕಾರಂತರ 'ಮರಳಿ ಮಣ್ಣಿಗೆ' ನನಗೆ ಮುಖ್ಯವಾಗುವುದು ಇಲ್ಲಿ. ಮೂರು ತಲೆಮಾರುಗಳ ಈ ಕಾದಂಬರಿಯಲ್ಲಿ ರಾಮ ಐತಾಳರ ಮಗ ಲಚ್ಚ ಇಂಗ್ಲಿಷ್ ಓದಲು ಹೋಗಿ ಕೆಡುತ್ತಾನೆ, ಮನೆಯ ಆಸ್ತಿಯನ್ನೂ ಕರಗಿಸುತ್ತಾನೆ. ಮೊಮ್ಮಗ ರಾಮ ಮದರಾಸಿನಲ್ಲಿ ಓದಿ, ಕೆಲಸವಿಲ್ಲದೆ ಬೊಂಬಾಯಿ ಸುತ್ತಿ ಕಡಲ ಕರೆಯ ಮಣ್ಣಿಗೇ ಮರಳುತ್ತಾನೆ. ಇದನ್ನು 'ಹಳ್ಳಿಗೆ ಹಿಂತಿರುಗಿ' ಎಂಬ ಉಪದೇಶವಾಗಿ ಓದಿದವರಿದ್ದಾರೆ. ಅದು ಅವಸರದ ಓದು. ಹಿಂತಿರುಗಲು ಅಲ್ಲೊಂದು ಮನೆ ಉಳಿದದ್ದು ಯಾರಿಂದ? ಪಾರೋತಿ, ಸರಸೋತಿ, ನಾಗವೇಣಿಯರಿಂದ. ಸಾಮ್ರಾಜ್ಯವಾಗಲಿ ಮಾರುಕಟ್ಟೆಯಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳದ ಅವರ ದುಡಿಮೆಯೇ ಆ ಮನೆಯ ನಿಜವಾದ ಬಂಡವಾಳ. ಮೆಕಾಲೆಯ ಚರಿತ್ರೆಯಲ್ಲಿ ಇವರಿಗೆ ಜಾಗವಿಲ್ಲ. ನಾನು ಕಾಪಾಡಬೇಕೆನ್ನುವ ಸಂಪ್ರದಾಯ ಈ ಹೆಂಗಸರ ಎಚ್ಚರದಂಥದು.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಓದುಗರಿಗೆ ಮೋಸ ಮಾಡಿದಂತೆ. ಅದೇ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದರು. ಚೋಮನ ಬಳಿ ಎತ್ತುಗಳಿವೆ, ಉಳುವ ಆಸೆಯಿದೆ, ಭೂಮಿ ಮಾತ್ರ ಇಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಕರಗಿದರೂ ಮನೆಯ ಹಿರಿಯಾಕೆ ಪದ್ಧತಿಯ ಹೆಸರು ಹೇಳಿ ತಡೆಯುತ್ತಾಳೆ. ನಾನು ಮೇಲೆ ಹೊಗಳಿದ ಅದೇ ಮನೆಯೊಳಗಿನ ಎಚ್ಚರ ಇಲ್ಲಿ ಒಬ್ಬ ಮನುಷ್ಯನ ಬದುಕನ್ನು ನುಂಗುತ್ತದೆ. ಚೋಮನಿಗೆ ಭೂಮಿಯ ಆಸೆ ತೋರಿಸಿದವರು ಪಾದ್ರಿಗಳು, ಹೊರಗಿನವರು. ಸಂಪ್ರದಾಯವಾದಿಯಾದವನು ಈ ಪುಸ್ತಕವನ್ನು ಪಕ್ಕಕ್ಕಿಟ್ಟು ಮಾತಾಡಬಾರದು. ತನ್ನವರಲ್ಲೇ ಒಬ್ಬನಿಗೆ ಬಾಗಿಲು ಮುಚ್ಚಿದ ಪದ್ಧತಿ ಎಷ್ಟು ಹಳೆಯದಾದರೂ ಕಾಪಾಡಲು ಯೋಗ್ಯವಲ್ಲ. ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಈ ಎರಡು ಕಾದಂಬರಿಗಳನ್ನು ಒಟ್ಟಿಗೆ ಓದಿದಾಗ ನನಗೆ ಸಿಗುವ ಅಳತೆ ಒಂದೇ: ಕಷ್ಟ ಬಂದಾಗ ಅದು ಯಾರನ್ನು ಒಳಗೆ ಕರೆದುಕೊಂಡಿತು, ಯಾರನ್ನು ಹೊರಗಿಟ್ಟಿತು ಎಂದು ಕೇಳಬೇಕು.

ಗಡಿನಾಡಿನ ನಮಗೆ ಈ ಪ್ರಶ್ನೆ ಭಾಷೆಯಾಗಿಯೂ ಬಂದಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ನೀಲಗಿರಿ ಮದರಾಸು ರಾಜ್ಯದಲ್ಲೇ ಉಳಿಯಿತು. ಮಸಿನಗುಡಿ, ಗೂಡಲೂರುಗಳ ಕನ್ನಡ ಮನೆಯ ಮಗು ಅಂಗಡಿಯಲ್ಲಿ ತಮಿಳು, ನೆರೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತದೆ. ಬಡಗ ನುಡಿಯನ್ನು ಕನ್ನಡದ ಉಪಭಾಷೆ ಎನ್ನುವವರಿದ್ದಾರೆ, ಸ್ವತಂತ್ರ ಭಾಷೆ ಎನ್ನುವವರೂ ಇದ್ದಾರೆ. ಆ ತೀರ್ಮಾನ ಆಡುವವರಿಗೇ ಇರಲಿ. ಆದರೆ ಕೇತಿಯಲ್ಲಿ 1846ರಿಂದ ನೆಲೆಸಿದ ಬಾಸೆಲ್ ಮಿಶನ್ನಿನವರು ಬಡಗ ನುಡಿಯಲ್ಲಿ ಲೂಕನ ಸುವಾರ್ತೆಯನ್ನು 1890ರಲ್ಲಿ ಅಚ್ಚು ಹಾಕಿಸಿದ್ದು ಮಂಗಳೂರಿನಲ್ಲಿ, ಕನ್ನಡ ಲಿಪಿಯಲ್ಲಿ. ಬೆಟ್ಟಕ್ಕೂ ಕರಾವಳಿಗೂ ಅಕ್ಷರದ ಈ ಹಾದಿ ಇತ್ತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅನ್ನಕ್ಕೆ ಅದು ಬೇಕು. ಊರಿನ ಭಾಷೆಯೂ ಬೇಕು, ನೆರೆಯವರೊಡನೆ ಬಾಳಲು. ಆದರೆ ಅದಕ್ಕಾಗಿ ಮನೆಯ ಮಾತನ್ನು ಕಿತ್ತುಹಾಕಬೇಕೆನ್ನುವುದು ರಾಗಿಯ ಹೊಲವನ್ನೆಲ್ಲ ಒಂದೇ ಬೆಳೆಗೆ ಒಪ್ಪಿಸಿದ ಲೆಕ್ಕಾಚಾರವೇ. ದೂರದ ಗಿರಾಕಿ ಇರುವಷ್ಟು ದಿನ ಆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಚಹಾದ ನಡುವೆ ಒಂದು ತುಂಡು ಹೊಲವನ್ನು ರಾಗಿಗೆ ಬಿಟ್ಟವನನ್ನು ಒಳ್ಳೆಯ ಬೆಲೆಯ ವರ್ಷಗಳಲ್ಲಿ ಹಿಂದುಳಿದವನೆಂದು ನಕ್ಕಿರಬಹುದು. ಬೆಲೆ ಬಿದ್ದ ವರ್ಷ ಅವನ ಮನೆಯಲ್ಲಿ ಮುದ್ದೆ ಬೇಯುತ್ತಿತ್ತು. ನಮ್ಮ ಮಕ್ಕಳ ಓದಿನ ಬಗ್ಗೆ ತೀರ್ಮಾನಿಸುವಾಗ ಇಷ್ಟನ್ನು ನೆನಪಿಟ್ಟರೆ ಸಾಕು.