ವಿಷವೋ ಮದ್ದೋ: ಕೀಟನಾಶಕದ ಲೇಬಲಿನ ಭಾಷೆ

ವಿಮರ್ಶೆಗೆ ಕಾವ್ಯನಾಟಕಗಳೇ ವಸ್ತುವೆಂಬ ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಓದುವವನ ಪ್ರಾಣವೇ ಓದಿನ ಮೇಲೆ ನಿಂತಿರುವ ಬರಹವೊಂದುಂಟು. ಅದು ವಿಷದ ಡಬ್ಬಿಯ ಮೇಲಣ ಲೇಬಲು. ಬರಹವು ತನ್ನ ಓದುಗನನ್ನು ಮುಟ್ಟಿತೇ ಎಂದು ಕೇಳುವುದು ವಿಮರ್ಶೆಯ ಕರ್ತವ್ಯವಾದರೆ, ಈ ಬರಹವನ್ನೂ ಹಾಗೆಯೇ ಕೇಳಬೇಕಾಗುತ್ತದೆ. ಪರ್ಕಳದಿಂದ ಕಾರ್ಕಳದವರೆಗಿನ ಗದ್ದೆತೋಟಗಳ ಪ್ರದೇಶವನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸಲು ನಾವು ಇಲ್ಲಿ ಉದ್ಯುಕ್ತರಾಗಿದ್ದೇವೆ.

1958ರಲ್ಲಿ ಕೇರಳದಲ್ಲಿ, ಸಾಗಣೆಯ ಕಾಲದಲ್ಲಿ ಪ್ಯಾರಥಿಯಾನ್ ಎಂಬ ಕೀಟನಾಶಕವು ಸೋಕಿದ ಗೋಧಿಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ತರುವಾಯ ಬಂದುದು 1968ರ ಕೀಟನಾಶಕ ಅಧಿನಿಯಮ ಮತ್ತು 1971ರ ನಿಯಮಗಳು. ಇವುಗಳಂತೆ ಲೇಬಲಿನಲ್ಲಿ ಒಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಎರಡು ತ್ರಿಕೋನಗಳಾಗಿ ಒಡೆಯಬೇಕು. ಮೇಲಿನದರಲ್ಲಿ ಎಚ್ಚರಿಕೆಯ ಮಾತು, ಕೆಳಗಿನದರಲ್ಲಿ ಬಣ್ಣ. ಅತಿ ಉಗ್ರವಾದುದಕ್ಕೆ ಕೆಂಪು, ಅದರಿಂದಿಳಿದು ಹಳದಿ, ನೀಲಿ, ಹಸಿರು. 'ನಿರಪಾಯಕರ' ಎಂಬಂಥ ಮಾತನ್ನು, 'ಸೂಚನೆಯಂತೆ ಬಳಸಿದರೆ' ಎಂಬ ಷರತ್ತಿನೊಡನೆಯೂ, ಲೇಬಲಿನಲ್ಲಿ ಹೇಳಕೂಡದೆಂಬ ನಿಯಮವೂ ಇದೆ. ಮಾರಾಟಗಾರನ ಅತಿಶಯೋಕ್ತಿಗೆ ಕಡಿವಾಣ ಹಾಕುವ ಈ ವಿವೇಕವನ್ನು ಮೆಚ್ಚಲೇಬೇಕು.

ಆದರೆ ಬಣ್ಣಗಳ ಸಂಕೇತದಲ್ಲಿ ತೊಡಕಿದೆ. ವಿಷವನ್ನುಂಡ ನಂಜುಂಡನ ಕೊರಳು ನೀಲಿಯಾಯಿತೆಂದು ಕೇಳಿ ಬೆಳೆದವರು ನಾವು. ನೀಲಿ ನಮಗೆ ವಿಷದ ಬಣ್ಣ. ನಿಯಮದಲ್ಲಾದರೋ ಅದು ಮೂರನೆಯ, ಸೌಮ್ಯವಾದ ಮೆಟ್ಟಿಲು. ಹಸಿರೆಂದರೆ ಪೈರು, ಸಮೃದ್ಧಿ, ಕ್ಷೇಮ. ನಿಯಮದಲ್ಲಿ ಅದು ಕಡಿಮೆ ವಿಷವೇ ಹೊರತು ನಿರ್ವಿಷವಲ್ಲ. ಸಂಕೇತವನ್ನು ಕಲಿಸದೆ ಅಚ್ಚುಹಾಕಿದರೆ ಓದುಗನು ತನ್ನ ಸಂಸ್ಕಾರದಂತೆಯೇ ಅದನ್ನು ಅರ್ಥಮಾಡಿಕೊಳ್ಳುವನು. ಅದು ಅವನ ದೋಷವಲ್ಲ.

ಇದಕ್ಕಿಂತ ಗುರುತರವಾದ ಕೊರತೆ ಇನ್ನೊಂದು. ಈ ಬಣ್ಣಗಳನ್ನು ನಿರ್ಣಯಿಸುವುದು ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಬೇಕಾಗುವ ಪ್ರಮಾಣದಿಂದ. ದೇಹತೂಕದ ಒಂದು ಕಿಲೋಗ್ರಾಮಿಗೆ, ಬಾಯಿಯ ಮೂಲಕ, 50 ಮಿಲಿಗ್ರಾಮಿನೊಳಗಾದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದನ್ನು ಮೀರಿದರೆ ಹಸಿರು. ಅಂದರೆ ತ್ರಿಕೋನವು ಹೇಳುವುದು ಕೂಡಲೇ ಬರುವ ಸಾವನ್ನು ಮಾತ್ರ. ವರ್ಷಗಟ್ಟಲೆ ಮೈಯೊಳಗಿಳಿಯುವ ಕೇಡನ್ನಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು; ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲಿನ ಜನರೂ ಇದೇ ವಿಷದ ಸಂಕಟವನ್ನು ಕಂಡರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. ಆಕಾಶದಿಂದ ಬಿದ್ದ ವಿಷಕ್ಕೆ ಲೇಬಲೆಲ್ಲಿ? ಡಬ್ಬಿಯನ್ನು ಕೊಂಡವನು ಬೇರೆ, ಉಸಿರಾಡಿದವನು ಬೇರೆ.

ಇನ್ನು ಭಾಷೆಯ ವಿಚಾರ. ಲೇಬಲು ಹಿಂದಿ ಇಂಗ್ಲಿಷುಗಳಲ್ಲದೆ ಆಯಾ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಇರತಕ್ಕದ್ದೆಂದು ನಿಯಮವಿದೆ. ಅಕ್ಷರ ಕನ್ನಡವಾದರೂ ಪರ್ಕಳದ ಕಡೆ ಕೆಲಸದ ಮಾತು ಬಹುಮಟ್ಟಿಗೆ ತುಳು, ಅಲ್ಲಲ್ಲಿ ಕೊಂಕಣಿ. ಹಳಗನ್ನಡದ 'ಮರ್ದು' ತುಳುವಿನಲ್ಲಿ 'ಮರ್ದ್' ಆಗಿ ಉಳಿದಿದೆ; ಕನ್ನಡದಲ್ಲಿ 'ಮದ್ದು' ಆಗಿದೆ. ರೋಗ ಕಳೆಯುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ಅನ್ನದಲ್ಲಿ ಗುಟ್ಟಾಗಿ ಬೆರೆಸುವ ಕೈವಿಷವೂ ಮದ್ದು. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದಕ್ಕೆ ಅಡಿಕೆಯವರ ಮಾತು 'ಮದ್ದು ಬಿಡುವುದು'. ಈ ರೂಢಿಯ ಬಲದಿಂದ ಆಮೇಲೆ ಬಂದ ಘೋರವಾದ ರಾಸಾಯನಿಕಗಳೂ ಮದ್ದೆಂಬ ಹೆಸರಿನಲ್ಲಿಯೇ ತೋಟವನ್ನು ಹೊಕ್ಕವು. ಲೇಬಲು 'ವಿಷ' ಎಂದು ಕೂಗುತ್ತದೆ. ಬಾಯಿ 'ಮದ್ದು' ಎಂದು ಸಂತೈಸುತ್ತದೆ. ಗೆಲ್ಲುವುದು ಬಾಯಿಯ ಮಾತೇ.

ಲೇಬಲೊಂದರಿಂದ ಇಷ್ಟೆಲ್ಲವನ್ನು ಬಯಸುವುದು ಅತಿಯಾಯಿತೆಂದು ಆಕ್ಷೇಪಿಸಬಹುದು. ಡಬ್ಬಿಯು ಉಗ್ರಾಣದಲ್ಲಿಯೇ ಉಳಿದು, ಕಲಸಿದ ದ್ರಾವಣ ಮಾತ್ರ ಕೆಲಸಗಾರನ ಕೈಸೇರುವಾಗ ಅಚ್ಚಿನ ಅಕ್ಷರ ಏನು ಮಾಡೀತು? ಈ ಮಾತು ದಿಟ. ಆದುದರಿಂದಲೇ ಹೊಣೆಯು ಡಬ್ಬಿಯಲ್ಲಿ ಮುಗಿಯಬಾರದು. ಭೋಪಾಲದ ದುರಂತದ ತರುವಾಯ, 1987ರ ತಿದ್ದುಪಡಿಯು ಕಾರ್ಖಾನೆಗಳ ಅಧಿನಿಯಮಕ್ಕೆ ಹೊಸ ವಿಧಿಯನ್ನು ಸೇರಿಸಿ, ಅಪಾಯಕರವಾದ ಕೆಲಸ ನಡೆಯುವ ಕಾರ್ಖಾನೆಯ ಒಡೆಯನು ಅಪಾಯಗಳನ್ನು ಕಾರ್ಮಿಕರಿಗೆ ತಿಳಿಸಬೇಕೆಂದು ವಿಧಿಸಿತು. ಕಾರ್ಖಾನೆಯಲ್ಲದ ಅಡಿಕೆತೋಟದ ಕೂಲಿಗೆ ಆ ವಿಧಿಯ ನೆರಳು ಚಾಚಲಿಲ್ಲ. ಅವನ ಪಾಲಿಗೆ ಉಳಿದುದು ಡಬ್ಬಿಯ ಮೇಲಣ ಕಿರಿಯಕ್ಷರ.

ಹಾಗಾದರೆ ಏನಾಗಬೇಕು? ಬಣ್ಣದ ಪಕ್ಕದಲ್ಲಿಯೇ ಅದರ ಅರ್ಥವನ್ನು ಬಿಡಿಸಿ ಹೇಳಬೇಕು. 'ಇದು ಮದ್ದಲ್ಲ, ವಿಷ' ಎಂಬಂಥ ನೇರವಾದ ವಾಕ್ಯ ಮೊದಲು ಬರಬೇಕು. ನಿಧಾನವಾಗಿ ಬರುವ ಕೇಡಿಗೂ ಒಂದು ಗುರುತಿರಬೇಕು. ಕೆಲಸಕ್ಕೆ ಮುನ್ನ ಲೇಬಲನ್ನು ಕೆಲಸಗಾರನ ಮಾತಿನಲ್ಲಿ ಓದಿ ಹೇಳಬೇಕು. ಇವುಗಳಲ್ಲಿ ಮೊದಲಿನೆರಡು ಭಾಷೆಯ ಕೆಲಸ. ಆದುದರಿಂದ ಕನ್ನಡದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದ ಕೆಲಸ. ಪಾರಿಭಾಷಿಕ ಪದಗಳನ್ನು ಟಂಕಿಸುವುದರಲ್ಲಿ ನಾವು ತೋರಿದ ಶ್ರದ್ಧೆಯನ್ನು ಈ ನಾಲ್ಕು ಸಾಲಿನ ಬರಹಕ್ಕೂ ತೋರಿದರೆ, ನಮ್ಮ ವಿದ್ಯೆಯಿಂದ ಒಂದು ಜೀವವಾದರೂ ಉಳಿದೀತು.