ಸೂಕ್ಷ್ಮತ್ವಚೆಯ ಅಳತೆಯೂ ಪದವಿವೇಕವೂ

ತ್ವಚೆಯ ಸೂಕ್ಷ್ಮತೆಯನ್ನು ಅನುಭವಿಸುವವನ ಮಾತಿನಿಂದಲೇ ಅಳೆಯಲು ಮಿಸೆರಿ ಮೊದಲಾದ ವೈದ್ಯರು 2014ರಲ್ಲಿ ಹತ್ತು ಅಂಶಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಉರಿ, ತುರಿಕೆ, ಬಿಗಿತ ಮೊದಲಾದ ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕಗಳುಂಟು. 1977ರಲ್ಲಿ ಫ್ರಾಷ್ ಮತ್ತು ಕ್ಲಿಗ್‌ಮನ್ನರು ವಿವರಿಸಿದ, ಮುಖಕ್ಕೆ ಲ್ಯಾಕ್ಟಿಕ್ ಆಮ್ಲವನ್ನು ಲೇಪಿಸುವ ಪರೀಕ್ಷೆಯಲ್ಲಿಯೂ ಎಷ್ಟು ಚುರುಗುಟ್ಟಿತೆಂಬುದಕ್ಕೆ ಪರೀಕ್ಷಿತನ ಮಾತೇ ಪ್ರಮಾಣವು. ಆದುದರಿಂದ ಇಲ್ಲಿ ಪದವೇ ಅಳತೆಗೋಲು.

ಪುತ್ತೂರು ಸೀಮೆಯ ಕುಂಬ್ರದಲ್ಲಿ ಈ ಪ್ರಶ್ನೆಯನ್ನು ಕೇಳುವುದಾದರೆ ಹೇಗೆ? ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ಮದ್ದು ಬಿಡುವವನೊಡನೆ ‘ಚರ್ಮವು ಸೂಕ್ಷ್ಮವೇ?’ ಎಂದರೆ, ಆ ಶಬ್ದಕ್ಕೆ ನವಿರೆಂಬ ಅರ್ಥವೂ ಇರುವುದರಿಂದ, ದುಡಿದು ಗಟ್ಟಿಗೊಂಡವನು ಅಲ್ಲವೆಂದಾನು. ‘ಮೈ ಉರಿಯುವುದೇ?’ ಎಂದಷ್ಟೇ ಕೇಳಿದರೂ ಸಾಲದು. ಸುಣ್ಣ ತಾಗಿದ ಉರಿ ಯಾರಿಗೂ ಸಹಜವು. ಬೆವರಿಗೂ ಗಾಳಿಗೂ ಉರಿಯುವುದೇ ಸೂಕ್ಷ್ಮತೆಯ ಲಕ್ಷಣವು. ಈ ಭೇದವನ್ನು ತೋರದ ಅನುವಾದದಿಂದ ಬೇನೆಯುಳ್ಳವನೂ ನಿರೋಗಿಯೆಂದು ಎಣಿಸಲ್ಪಡುವನು.