ಜಾಮೀನು ಕೇಳುವ ನ್ಯಾಯ

ನಾವು ಕತೆ ಕವನಗಳನ್ನು ಒರೆಗೆ ಹಚ್ಚಿದಷ್ಟು ಕಾನೂನಿನ ಪುಸ್ತಕವನ್ನು ಹಚ್ಚಿಲ್ಲ. ಕೆಟ್ಟ ಕವನದಿಂದ ಯಾರ ಹೊಲವೂ ಹೋಗುವುದಿಲ್ಲ. ಕಾನೂನಿನ ಒಂದು ವಾಕ್ಯವನ್ನು ತಪ್ಪಾಗಿ ಓದಿದರೆ ಹೋಗುತ್ತದೆ. ಅದಕ್ಕೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಆದೇಶವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ದಾವೆ ಹೂಡಿದವನು ಸೋತರೆ ಎದುರಾಳಿಯ ಖರ್ಚು ಕೊಡಬೇಕಾಗುತ್ತದೆ. ಆ ಖರ್ಚಿಗೆ ಈಗಲೇ ಜಾಮೀನು ಕೊಡು ಎಂದು ಕೋರ್ಟು ವಾದಿಗೆ ಹೇಳಬಹುದು, ಕಾರಣ ಬರೆದು. ಗಡುವಿನೊಳಗೆ ಕೊಡದಿದ್ದರೆ ದಾವೆ ವಜಾ. ಸಾಕ್ಷಿಯಿಲ್ಲ, ವಾದವಿಲ್ಲ, ಸತ್ಯ ಯಾರ ಕಡೆ ಎಂಬ ಪ್ರಶ್ನೆಯೇ ಇಲ್ಲ. ಸಕಾರಣ ತೋರಿಸಿ ಮತ್ತೆ ತೆರೆಸಬಹುದು. ಅದಕ್ಕೆ ಇನ್ನಷ್ಟು ಅಲೆದಾಟ. ಅಪೀಲು ಹೋದವನಿಗೂ 41ನೇ ಆದೇಶದ 10ನೇ ನಿಯಮ ಇಂಥದೇ ಮಾತು ಹೇಳುತ್ತದೆ.

ಹಾಗಂತ ನಿಯಮವೇ ಬೇಡವೆ? ಬೇಕು. ವಾದಿ ಭಾರತದ ಹೊರಗಿದ್ದು, ದಾವೆಯ ಆಸ್ತಿ ಬಿಟ್ಟು ಇಲ್ಲಿ ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ದರೆ ಕೋರ್ಟು ಜಾಮೀನು ಕೇಳಲೇಬೇಕು. ಇದು ಸರಿ. ಯಾರೋ ಪರದೇಶದಲ್ಲಿ ಕೂತು ಕೂಲಿಯವನ ಮೇಲೆ ದಾವೆ ಹಾಕಿ, ಸೋತು, ಕೈಗೆ ಸಿಗದಿದ್ದರೆ ಆ ಕೂಲಿಯವನು ಯಾರ ಮನೆ ಬಾಗಿಲಿಗೆ ಹೋಗಬೇಕು?

ತೊಡಕಿರುವುದು ಊರಲ್ಲೇ ಇರುವ ಬಡ ವಾದಿಯ ವಿಷಯದಲ್ಲಿ. ಅವನ ಬಗ್ಗೆ ಕಾನೂನು ಹೇಳುವುದು 'ಕೇಳಬಹುದು' ಎಂದಷ್ಟೆ. ಈ 'ಬಹುದು' ಎಂಬಲ್ಲಿ ಉಳ್ಳವನು ನುಗ್ಗುತ್ತಾನೆ. "ಇವನ ಹತ್ರ ಏನಿದೆ ಸ್ವಾಮಿ? ಸೋತ್ರೆ ನಮ್ಮ ಖರ್ಚು ಎಲ್ಲಿಂದ ತರ್ತಾನೆ?" ಅನ್ನುತ್ತಾನೆ. ಇವನ ಹತ್ತಿರ ಏನೂ ಇಲ್ಲದೆ ಹೋದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ತಲೆತಲಾಂತರ ಭೂಮಿ ಹಿಡಿಯಲು ಬಿಡದವರೇ ಈಗ ಕೋರ್ಟಿನಲ್ಲಿ ಭೂಮಿ ತೋರಿಸು ಅನ್ನುತ್ತಾರೆ.

1908ರ ಮೂಲ ಪಾಠದಲ್ಲಿ ಇನ್ನೂ ಒಂದು ಮಾತಿತ್ತು. ಹಣದ ದಾವೆ ಹೂಡಿದವಳು ಹೆಂಗಸಾಗಿದ್ದು, ಸಾಕಷ್ಟು ಸ್ಥಿರಾಸ್ತಿ ಇಲ್ಲದಿದ್ದರೆ, ಪ್ರತಿವಾದಿಯ ಅರ್ಜಿಯ ಮೇಲೆ ಜಾಮೀನು ಕೇಳಬಹುದಿತ್ತು. ಹೆಣ್ಣಿಗೆ ಆಸ್ತಿ ಕೊಡದ ಸಮಾಜ, ಆಸ್ತಿಯಿಲ್ಲವೆಂದೇ ಅವಳನ್ನು ಕೋರ್ಟಿನ ಬಾಗಿಲಲ್ಲಿ ನಿಲ್ಲಿಸುತ್ತಿತ್ತು. ಆ ಸಾಲು ಈಗ ಸಂಹಿತೆಯಲ್ಲಿಲ್ಲ. ಸಾಲು ಹೋಯಿತು, ಆ ಬುದ್ಧಿ ಹೋಗಿದೆಯೆ?

ಬಡತನವೊಂದೇ ಕಾರಣಕ್ಕೆ ದಾವೆ ಹೂಡಿದವನನ್ನು ತಡೆಯಬಾರದು ಎಂಬುದು ನಮ್ಮ ಹೊಸ ಘೋಷಣೆಯಲ್ಲ. 1885ರಲ್ಲಿ ಕೊವೆಲ್-ಟೇಲರ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯವೇ ಇದನ್ನು ಹೇಳಿತು. ನಮ್ಮಲ್ಲಿ ಕೋರ್ಟ್ ಫೀಗೆ ಸಂಬಂಧಿಸಿದಂತೆ 1979ರ ದರ್ಶನಾದೇವಿ ಪ್ರಕರಣವಿದೆ. ಸರ್ಕಾರಿ ಬಸ್ಸಿಗೆ ಸಿಕ್ಕಿ ಸತ್ತವನ ಹೆಂಡತಿ, ಮಗಳು ಪರಿಹಾರ ಕೇಳಿದರೆ, ಹರಿಯಾಣ ಸರ್ಕಾರ ಮೊದಲು ಫೀ ಕಟ್ಟಲಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರ್ಕಾರಕ್ಕೆ ಛೀಮಾರಿ ಹಾಕಿದರು. ಫೀಗೆ ಒಪ್ಪುವ ಈ ನ್ಯಾಯ ಜಾಮೀನಿಗೂ ಒಪ್ಪಬೇಡವೆ?

ಹಾಗಾದರೆ ಜಾಮೀನು ಕೇಳಬೇಕಾದ್ದು ಯಾವಾಗ? ವಾದಿ ಕೈಗೆ ಸಿಗದಷ್ಟು ದೂರವಿದ್ದಾಗ. ಆಸ್ತಿ ಬಚ್ಚಿಟ್ಟು ಓಡುವ ಹುನ್ನಾರದಲ್ಲಿದ್ದಾಗ. ಸೋತ ದಾವೆಯನ್ನೇ ಮತ್ತೆ ಮತ್ತೆ ಹೂಡಿ ಪೀಡಿಸುವಾಗ. ಊರ ಧಣಿ ತಾನು ಹಿಂದೆ ನಿಂತು, ತನ್ನ ಆಳಿನ ಹೆಬ್ಬೆಟ್ಟು ಒತ್ತಿಸಿ, ಅವನನ್ನು ಹೆಸರಿಗೆ ವಾದಿ ಮಾಡಿದಾಗ. ಇಂಥ ಕಡೆ ಕೋರ್ಟು ಆಳಿನ ಜೇಬು ತಡಕಿ ಪ್ರಯೋಜನವಿಲ್ಲ, ದಾವೆ ನಡೆಸುತ್ತಿರುವ ಧಣಿಯ ಕಡೆ ನೋಡಬೇಕು. ಇವೆಲ್ಲ ವಾದಿಯ ನಡತೆಗೆ ಸಂಬಂಧಿಸಿದ ಕಾರಣಗಳು. ಬಡತನ ನಡತೆಯಲ್ಲ.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಒಂದು ಕೆಲಸ ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಇದನ್ನು ಕೇರಿಯಲ್ಲಿ ಓದಿ ಹೇಳಿ. ಜಾಮೀನು ಕೊಡು ಎಂಬ ಅರ್ಜಿ ಬಂದರೆ ಹೆದರಿ ದಾವೆ ಬಿಡಬೇಡಿ ಅನ್ನಿ. ಬಡತನ ಬಿಟ್ಟು ಬೇರೆ ಕಾರಣ ಏನಿದೆ, ಅದನ್ನು ಬರೆದು ತೋರಿಸಿ ಎಂದು ಕೇಳುವಂತೆ ವಕೀಲರಿಗೆ ಹೇಳಿಸಿ. ಕಾನೂನೇ ಕಾರಣ ಬರೆಯಬೇಕು ಅಂದಿದೆ. ಆ ಕಾರಣವನ್ನು ಓದುವ ಕೆಲಸ ನಮ್ಮದು.